ಪೇಚು

ಮರಾಠಿಯಲ್ಲಿ ‘ಪೇಚ್’ ಎಂದರೆ ಸ್ಕ್ರೂ. ಬಿಡಿಸಿಕೊಳ್ಳಲಾಗದ ಇಕ್ಕಟ್ಟಿಗೂ ಅದೇ ಮಾತು. ನಮ್ಮ ಕನ್ನಡಕ್ಕೆ ಸ್ಕ್ರೂವಿನ ಅರ್ಥ ಅಷ್ಟಾಗಿ ಬರಲಿಲ್ಲ, ಇಕ್ಕಟ್ಟಿನ ಅರ್ಥ ಮಾತ್ರ ಚೆನ್ನಾಗಿ ಉಳಿಯಿತು: ಪೇಚಿಗೆ ಸಿಕ್ಕೆವು, ಪೇಚಾಡಿದೆವು ಎನ್ನುತ್ತೇವೆ. ಪುಣೆಯ ಪಿಂಪ್ರಿ ಭಾಗದ ಕಾರ್ಖಾನೆಯೊಂದರಲ್ಲಿ 34 ವರ್ಷ ಯಂತ್ರಗಳ ದುರಸ್ತಿ ಮಾಡಿದ ನನಗೆ ಈ ಎರಡು ಅರ್ಥಗಳು ಬೇರೆಬೇರೆ ಎಂದು ಎಂದೂ ಅನ್ನಿಸಿದ್ದಿಲ್ಲ.

ನಿವೃತ್ತನಾದ ಮೇಲೆ ನೆರೆಹೊರೆಯ ವಿದ್ಯಾರ್ಥಿಗಳ ಲ್ಯಾಪ್‌ಟಾಪುಗಳನ್ನು ತೆರೆದು ಶುಚಿಗೊಳಿಸುವ ಹವ್ಯಾಸ ಹಚ್ಚಿಕೊಂಡಿದ್ದೇನೆ. ಅವುಗಳ ತಂಪುಗೊಳಿಸುವ ವ್ಯವಸ್ಥೆ ಸರಳವಾದದ್ದು. ಪ್ರೊಸೆಸರಿನ ಮೇಲೊಂದು ತಾಮ್ರದ ಫಲಕ, ಅದರಿಂದ ಹೊರಟ ಚಪ್ಪಟೆ ಕೊಳವೆ, ಕೊಳವೆಯ ತುದಿಗೆ ತೆಳ್ಳನೆಯ ಲೋಹದ ರೆಕ್ಕೆಗಳು, ಅವುಗಳಿಗೆ ಗಾಳಿಯೂದುವ ಪುಟ್ಟ ಫ್ಯಾನು. ಫಲಕಕ್ಕೂ ಪ್ರೊಸೆಸರಿಗೂ ನಡುವೆ ಶಾಖ ದಾಟಿಸುವ ಪೇಸ್ಟು. ವರ್ಷಗಳು ಕಳೆದಂತೆ ಪೇಸ್ಟು ಒಣಗುತ್ತದೆ, ರೆಕ್ಕೆಗಳ ಸಂದಿಯಲ್ಲಿ ಧೂಳು ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಸರಿಪಡಿಸಲು ಒಂದು ಗಂಟೆ ಸಾಕು. ಆದರೆ ಫಲಕವನ್ನು ಹಿಡಿದಿರುವ ನಾಲ್ಕು ಸಣ್ಣ ಸ್ಕ್ರೂಗಳು ಒಪ್ಪಬೇಕು.

ಹೋದ ಬೇಸಿಗೆಯಲ್ಲಿ ವಿಜಯಪುರ ಜಿಲ್ಲೆಯ ಹುಡುಗಿಯೊಬ್ಬಳು ಬಂದಳು. ತಂದೆ ತೊಗರಿ ಮಾರಿದ ಹಣದಲ್ಲಿ ಕೊಡಿಸಿದ್ದ, ಒಂದು ಕೈ ದಾಟಿಬಂದ ಲ್ಯಾಪ್‌ಟಾಪು ಹತ್ತು ನಿಮಿಷಕ್ಕೇ ಕಾದು ಆರಿಹೋಗುತ್ತಿತ್ತು. ಪ್ರಾಜೆಕ್ಟ್ ಒಪ್ಪಿಸಲು 4 ದಿನ ಉಳಿದಿದ್ದವು. ತೆರೆದು ನೋಡಿದರೆ ಮೂರು ಸ್ಕ್ರೂಗಳು ಬಂದವು. ನಾಲ್ಕನೆಯದರ ತಲೆಯ ಮೇಲಿನ ಅಡ್ಡಗೆರೆಗಳು ಸವೆದು ಬಟ್ಟಲಿನಂತಾಗಿದ್ದವು. ಹಿಂದೆ ಯಾರೋ ಅಳತೆಗೆ ಹೊಂದದ ಸ್ಕ್ರೂಡ್ರೈವರಿನಿಂದ ಅದರೊಡನೆ ಗುದ್ದಾಡಿದ್ದರು.

“ಕಾಕಾ, ಇದು ಬಿಚ್ಚತದೇನ್ರಿ?”

“ಬಿಚ್ಚತದವಾ, ಅವಸರ ಮಾಡಬಾರದು.”

ಕೂಡುಗೆರೆಯ ಈ ಸ್ಕ್ರೂ ಹೆನ್ರಿ ಫಿಲಿಪ್ಸ್ ಎಂಬ ಅಮೆರಿಕನ್ನನ ಹೆಸರಿನಿಂದ ಪ್ರಸಿದ್ಧವಾದದ್ದು. 1936ರ ಹೊತ್ತಿಗೆ ಅದು ಮೋಟಾರು ಕಾರ್ಖಾನೆಗಳಿಗೆ ಕಾಲಿಟ್ಟಿತು. ಸ್ಕ್ರೂಡ್ರೈವರಿನ ತುದಿ ತಾನಾಗಿ ನಡುವಿಗೆ ಬಂದು ಕೂಡುವುದರಿಂದ ಬಿಗಿಯುವ ಕೆಲಸ ಚುರುಕಾಯಿತು. ಆದರೆ ಗೆರೆಗಳ ಗೋಡೆಗಳು ಇಳಿಜಾರಾದುದರಿಂದ ತಿರುಗಿಸುವ ಬಲ ಹೆಚ್ಚಿದಂತೆಲ್ಲ ತುದಿ ಮೇಲಕ್ಕೆ ಜಾರುತ್ತದೆ, ಜಾರಿದಾಗಲೆಲ್ಲ ಗೋಡೆ ಸವೆಯುತ್ತದೆ. ಬಿಗಿಯುವವನ ಅನುಕೂಲವನ್ನು ನೋಡಿ ಹುಟ್ಟಿದ ರೂಪ ಅದು. ಬಿಚ್ಚುವವನು ಅದರ ಲೆಕ್ಕದಲ್ಲಿ ಇದ್ದಂತಿಲ್ಲ.

ಡ್ರಿಲ್ ಹಾಕಿ ತಲೆಯನ್ನೇ ಹಾರಿಸುವ ಉಪಾಯವೊಂದಿದೆ. ಆದರೆ ಕೆಳಗಿರುವುದು ಮದರ್‌ಬೋರ್ಡು. ಲೋಹದ ಒಂದು ಚೂರು ಉಳಿದರೂ ಆ ಹುಡುಗಿಯ ತೊಗರಿಯ ಫಸಲು ಸುಟ್ಟಂತೆಯೇ. ಅಗಲವಾದ ರಬ್ಬರ್ ಬ್ಯಾಂಡಿನ ತುಂಡನ್ನು ತಲೆಯ ಮೇಲಿಟ್ಟು ತಿರುಗಿಸಿದೆ, ರಬ್ಬರು ಹರಿಯಿತು. ಆಗ ಕಾರಣವನ್ನು ಯೋಚಿಸಿದೆ. ಇಂಥ ಸ್ಕ್ರೂಗಳು ಅದುರಿ ಸಡಿಲವಾಗದಿರಲೆಂದು ಎಳೆಗಳಿಗೆ ಕೆಲವೊಮ್ಮೆ ನೀಲಿ ಅಂಟನ್ನು ಸವರಿರುತ್ತಾರೆ. ಅಂಟಿಗೆ ಬಲಕ್ಕಿಂತ ಶಾಖವೇ ಮದ್ದು. ಬ್ಯಾಟರಿಯ ಸಂಪರ್ಕ ಮೊದಲೇ ತೆಗೆದಿದ್ದೆ. ಕಾದ ಬೆಸುಗೆ ಕಡ್ಡಿಯ ತುದಿಯನ್ನು ಸ್ಕ್ರೂವಿನ ತಲೆಗೆ ಮುಟ್ಟಿಸಿ ಹದಿನೈದು ಎಣಿಸಿದೆ. ಬಳಿಕ ಬಿಚ್ಚುವ ದಿಕ್ಕಿಗಲ್ಲ, ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿದೆ. ಹಿಂದಿನವರು ಗುದ್ದಾಡಿದ್ದು ಬಿಚ್ಚುವ ಕಡೆಯ ಗೋಡೆಗಳ ಮೇಲೆ; ಬಿಗಿಯುವ ಕಡೆಯವು ಇನ್ನೂ ಚೂಪಾಗಿದ್ದವು. ಸಣ್ಣದೊಂದು ‘ಟಿಕ್’ ಸದ್ದಾಗಿ ಅಂಟಿನ ಹಿಡಿತ ಬಿಟ್ಟಿತು. ಆಮೇಲೆ ಉಳಿದಿದ್ದ ಅರೆಗೋಡೆಗಳೇ ಸಾಕಾದವು.

ಇದನ್ನು ಮಾಡುತ್ತಿರುವಾಗ ಗದಗಿನ ಕಡೆಯ ನಮ್ಮೂರಿನ ಬಾವಿಯ ಮೇಲಿದ್ದ ಕಿರ್ಲೋಸ್ಕರ್ ಎಂಜಿನ್ ನೆನಪಾಯಿತು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮವೇ ಮುಂದೆ ಬೆಳೆದು, 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ನುಗಳ ಕಂಪನಿಯಾಯಿತು. ಅಪ್ಪ ಓದಿದವರಲ್ಲ, ಆದರೂ ನಾಲ್ಕು ಪಾನಾಗಳಿಂದ ಆ ಎಂಜಿನ್ನನ್ನು ಬಿಚ್ಚಿ, ಒರೆಸಿ, ಮಧ್ಯಾಹ್ನದೊಳಗೆ ನೀರು ಹರಿಸುತ್ತಿದ್ದರು. ರೈತನ ಕೈ ತನ್ನೊಳಗೆ ಬರುತ್ತದೆಂದು ತಿಳಿದೇ ರೂಪುಗೊಂಡ ಯಂತ್ರವದು. ಕೆಟ್ಟದ್ದನ್ನು ತಾನೇ ತೆರೆದು ನೋಡಬಲ್ಲವನು ಬಡವನಾದರೂ ಪರಾಧೀನನಲ್ಲ ಎಂಬುದನ್ನು ನಾನು ಆ ಬಾವಿಯ ದಡದಲ್ಲಿ ಕಂಡಿದ್ದೇನೆ.

ಸವೆದ ಸ್ಕ್ರೂವನ್ನು ಮತ್ತೆ ಹಾಕಲಿಲ್ಲ. ಬುಧವಾರ ಪೇಟೆಯ ತಾಪಕೀರ ಗಲ್ಲಿಗೆ ಹೋಗಿ, ಹಳೆಯ ಬಿಡಿಭಾಗಗಳ ಡಬ್ಬಿಯಿಂದ ಅದೇ ಅಳತೆಯದನ್ನು ಆರಿಸಿ ತಂದೆ. ಹೊಸ ಪೇಸ್ಟು ಹಚ್ಚಿ, ಫಲಕ ಸಮನಾಗಿ ಕೂಡಲೆಂದು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಕೊನೆಯ ಎರಡನ್ನು ಹುಡುಗಿಯ ಕೈಗೇ ಬಿಟ್ಟೆ. ನಿಂತ ಮೇಲೂ ಅವಳು ಇನ್ನೊಂದು ಸುತ್ತಿಗೆ ಒತ್ತಲು ಹೊರಟಳು.

“ಸಾಕು, ನಿಲ್ಸು. ಎರಡು ವರ್ಷ ಬಿಟ್ಟು ಇದನ್ನ ಬಿಚ್ಚಾಕಿ ನೀನ ಅದೀ.”