ಶೇಡಿ ಬರೆದ ಕೈ

ಭಟ್ಕಳದ ಕೇತಪೈ ನಾರಾಯಣ ಗುಡಿಯನ್ನು ನೋಡಿ. 16ನೇ ಶತಮಾನದ ಕಲ್ಲಿನ ಕೆಲಸ. ಕಟ್ಟಿಸಿದಾತನ ಹೆಸರು ಗುಡಿಗೇ ಅಂಟಿದೆ. ಉಳಿ ಹಿಡಿದವನ ಹೆಸರು ಕೇಳಿದರೆ ಊರಲ್ಲಿ ಯಾರು ಹೇಳ್ತಾರೆ?

ನಮ್ಮ ಸೀಮೆಯ ಹಳೆಯ ಗುಡಿಗಳಲ್ಲಿ ಕಾವಿ ಕಲೆಯೂ ಇದೆ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಹಸಿ ಆರುವ ಮುಂಚೆ ಮೊನೆಯಿಂದ ಕೆರೆದರೆ ಒಳಗಿನ ಬಿಳಿ ಎದ್ದು ಬರುತ್ತದೆ. ಹೊನ್ನಾವರದವರೇ ಆದ ಕೃಷ್ಣಾನಂದ ಕಾಮತರು (1934–2002) ಇದರ ಬಗ್ಗೆ ಬರೆದು ನಾಡಿಗೆ ತಿಳಿಸಿದರು. ಆ ಋಣ ಇದೆ. ಆದರೆ ಆ ಗೋಡೆ ಕಂಡಾಗ ನಮಗೆ ಮೊದಲು ನೆನಪಾಗೋದು ಸುಣ್ಣ. ಅಘನಾಶಿನಿ ಅಳಿವೆಯಲ್ಲಿ ಸೊಂಟಮಟ್ಟ ನೀರಿಗಿಳಿದು ಚಿಪ್ಪು ಎತ್ತಿದವರು, ಅದನ್ನು ಸುಟ್ಟು ಸುಣ್ಣ ಮಾಡಿದವರು ಕಲಾವಿದರ ಪಟ್ಟಿಯಲ್ಲಿಲ್ಲ. ನಮ್ಮ ಅಜ್ಜಂದಿರು ಗುಡಿಯ ಒಳಗೂ ಇರಲಿಲ್ಲ.

ನಮ್ಮ ಕೇರಿಯ ಚಿತ್ರಕ್ಕೆ ಗುಡಿ ಬೇಕಿರಲಿಲ್ಲ. ಕೆಮ್ಮಣ್ಣು ಸಾರಿಸಿದ ಮನೆಗೋಡೆ, ಶೇಡಿ ಎಂಬ ಬಿಳಿಮಣ್ಣು, ನಾರಿನ ಕುಂಚ, ಅಷ್ಟೆ. ಹಬ್ಬಕ್ಕೆ, ಮದುವೆಗೆ ಅವ್ವಿಯಂದಿರು ಬರೀತಿದ್ದರು. ವರ್ಷಕ್ಕೆ 3,000 ಮಿ.ಮೀ. ಮೀರುವ ಮಳೆ ನಮ್ಮದು. ಆಷಾಢ ಬಂತೆಂದರೆ ಚಿತ್ರ ಅಂಗಳಕ್ಕೆ ಇಳಿದು ಹರಿದು ಹೋಗ್ತದೆ. ಮತ್ತೆ ಬರೆಯೋದು.

ಹೋದ ವರ್ಷ ನಾವು ನಾಲ್ಕೈದು ಜನ, ಮನೆಯಲ್ಲಿ ಮೊದಲು ಡಿಗ್ರಿ ಕಂಡವರು, ಈ ಚಿತ್ರಗಳನ್ನು ಕುಮಟಾ ಪೇಟೆಯಲ್ಲಿ ತೂಗುಹಾಕಬೇಕೆಂದು ಹೊರಟೆವು. ಹಾಲ್ ಕೇಳಿದ ಕಡೆ ಕೇರಿಯ ಹೆಸರು ಹೇಳುತ್ತಲೇ ‘ಬುಕ್ ಆಗಿದೆ’ ಅಂದರು. ಸಿಕ್ಕಿದ್ದು ಗೊಬ್ಬರದ ಮೂಟೆ ಇಡುತ್ತಿದ್ದ ಕೋಣೆ. ತೊಳೆದು ಸುಣ್ಣ ಬಳಿದೆವು. ಅವ್ವಿಯಂದಿರು ಪ್ಲೈವುಡ್ಡಿಗೆ ಕೆಮ್ಮಣ್ಣು ಸಾರಿಸಿ ಬರೆದರು. ಫ್ಲೆಕ್ಸ್ ಬಂದು ಕೆಲಸ ಕಳಕೊಂಡ ಭಟ್ಕಳದ ಬೋರ್ಡ್ ಪೇಂಟರ್ ಗೆಳೆಯ ಮೂರು ಕ್ಯಾನ್ವಾಸ್ ತಂದ. ಪ್ರತಿ ಚಿತ್ರದ ಕೆಳಗೆ ಬರೆದವರ ಹೆಸರನ್ನು ಅವನೇ ಬರೆದ, ಕನ್ನಡದಲ್ಲೂ ಉರ್ದುವಿನಲ್ಲೂ.

ಒಬ್ಬ ಅವ್ವಿ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು.

‘ಇದು ಗುಡಿ ಅಲ್ಲ ಅವ್ವಿ.’

‘ಗುಡಿ ಆಗಿದ್ರೆ ನಂಗೆ ಬರೂಕೆ ಬಿಡ್ತಿದ್ರಾ? ನೀವು ತೊಳ್ದ ನೆಲ ಅಲ್ದಾ, ಮಣ್ಣಾಗ್ತದೆ.’

ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನದ ಕೈಗೆ ಕೊಡಬಾರದೆಂದು 2016ರಲ್ಲಿ ಕಲಾವಿದರು ಹೋರಾಡಿದರು. ಸರಿಯಾದ ಜಗಳವೇ. ಆದರೆ ಗೊಬ್ಬರದ ವಾಸನೆ ಪೂರ್ತಿ ಹೋಗದ ನಮ್ಮ ಕೋಣೆಯಲ್ಲಿ ನಿಂತು ನೆನೆದರೆ, ಕಳಕೊಳ್ಳೋಕಾದರೂ ಅವರಿಗೊಂದು ಗ್ಯಾಲರಿ ಇತ್ತಲ್ಲ ಅನ್ನಿಸ್ತದೆ.

ನೋಡಲು ಬಂದ ಒಬ್ಬ ಹಿರಿಯರು ಮರುಗಿದರು: ‘ಮಣ್ಣಿನ ಗೋಡೆಗಳೇ ಹೋದವು. ಸಿಮೆಂಟು ಎಲ್ಲ ಹಾಳು ಮಾಡಿತು.’ ಯಾರ ಗೋಡೆ ಸ್ವಾಮಿ? ನೀರು ಕುಡಿದು ಉಬ್ಬಿದ ಆ ಗೋಡೆ ಯಾವಾಗ ಮೈಮೇಲೆ ಬೀಳ್ತದೋ ಅಂತ ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಕೂತವರು ನಾವು. ನಮಗೆ ಸಿಮೆಂಟಿನ ಮನೆ ಬೇಕು. ಚಿತ್ರವೂ ಬೇಕು. ಎರಡರಲ್ಲಿ ಒಂದು ಆರಿಸಿಕೊಳ್ಳಿ ಅಂತ ಹೇಳೋಕೆ, ಸೋರದ ಮನೆಯಲ್ಲಿ ಮಲಗುವವರು ಯಾರು?

ಕಡೆಯ ದಿನ ಒಬ್ಬರು ಒಂದು ಚಿತ್ರಕ್ಕೆ 200 ರೂಪಾಯಿ ಅಂದರು. ಅವ್ವಿ ಕೇಳಿದಳು: ‘ಮೂರು ದಿನ ಕೂತು ಬರ್ದೆ. ಮೂರು ದಿನ ಗದ್ದೆಗೆ ಹೋದ್ರೆ ಎಷ್ಟು ಕೊಡ್ತ್ರು, ನೀವೇ ಹೇಳಿ.’ ಅವರು ಹೇಳಲಿಲ್ಲ. ಅವಳೂ ಕೊಡಲಿಲ್ಲ. ಆ ಚಿತ್ರ ಈಗ ಅವಳ ಹೊಸ ಸಿಮೆಂಟು ಗೋಡೆಯ ಮೇಲಿದೆ.

ಮುಂದಿನ ಸಲ ಹೊನ್ನಾವರದಲ್ಲಿ ಮಾಡೋದು ಅಂತ ಇದ್ದೇವೆ. ಮಾಸ್ತರೆ, ರಜೆಯಲ್ಲಿ ನಿಮ್ಮ ಶಾಲೆಯ ಒಂದು ಕೋಣೆ ಖಾಲಿ ಇದ್ದರೆ ತಿಳಿಸಿ. ಮೊಳೆ ನಾವೇ ತರ್ತೇವೆ.