‘ರಕ್ತ ಕೆಟ್ಟೈತಿ’

ಬಸವನ ಬಾಗೇವಾಡಿಯ ಸೀಮೆಯಲ್ಲಿ ಮೈಮೇಲೆ ಏನೇ ಎದ್ದರೂ ಹಿರಿಯರ ತೀರ್ಪು ಒಂದೇ: ‘ರಕ್ತ ಕೆಟ್ಟೈತಿ.’ ಸರಿ, ರಕ್ತಶುದ್ಧಿಯ ಬಾಟಲಿ ಬರುತ್ತದೆ.

ರಕ್ತ ಸೋಸುವ ವಿದ್ಯೆಯೇನೋ ನಿಜವಾಗಿಯೂ ಉಂಟು. 1914ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ ಏಬಲ್ ಮತ್ತು ಸಂಗಡಿಗರು ನಾಯಿಗಳ ಮೇಲೆ ಪ್ರಯೋಗಿಸಿ, ಅದನ್ನು ಪ್ಲಾಸ್ಮಾಫೆರೆಸಿಸ್ ಎಂದು ಕರೆದರು. ಇಂದು ಯಂತ್ರವು ರಕ್ತಕಣಗಳನ್ನು ಬೇರ್ಪಡಿಸಿ, ಹಳದಿ ದ್ರವವಾದ ಪ್ಲಾಸ್ಮಾವನ್ನು ತೆಗೆದುಹಾಕಿ, ಬದಲಿಗೆ ಅಲ್ಬುಮಿನ್ ದ್ರಾವಣ ಬೆರೆಸಿ ಮರಳಿ ಮೈಗೆ ಬಿಡುತ್ತದೆ. ಹೀಗೆ ಹೊರಹೋಗುವುದು ಕೊಳೆಯಲ್ಲ, ದಾರಿತಪ್ಪಿದ ಪ್ರತಿಕಾಯಗಳು. ಪೆಂಫಿಗಸ್ ರೋಗದಲ್ಲಿ ಇವು ಚರ್ಮದ ಜೀವಕೋಶಗಳನ್ನು ಬೆಸೆದಿರುವ ಪ್ರೋಟೀನಿನ ಮೇಲೆಯೇ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಬೆಸುಗೆ ಬಿಟ್ಟಲ್ಲೆಲ್ಲ ನೀರುಗುಳ್ಳೆ.

ಇಲ್ಲಿಯ ಪಿ.ಯು.ಸಿ. ಹುಡುಗಿಯೊಬ್ಬಳ ಅವ್ವನಿಗೆ ಬಂದದ್ದು ಅದೇ. ಬಾಯೆಲ್ಲ ಹುಣ್ಣು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿದರೂ ಇಳಿಯದು. ವಿಜಯಪುರದ ಚರ್ಮವೈದ್ಯರ ಮುಂದೆ ಅಪ್ಪ ಕೈಮುಗಿದರು: ‘ರಕ್ತ ಸೋಸೂ ಮಷೀನಿಗೆ ಎಷ್ಟ ಆಗತೈತ್ರಿ ಸಾಹೇಬ್ರ? ಎರಡ ಎಕರೆ ಮಾರಿಬಿಡತೀನ್ರಿ.’

‘ಹೊಲ ಮಾರಬ್ಯಾಡ್ರಿ,’ ಎಂದರು ವೈದ್ಯರು. ಸೋಸಿದ ಬೆನ್ನಿಗೇ ಮೈ ಹೊಸ ಪ್ರತಿಕಾಯ ತಯಾರಿಸುತ್ತದೆ. ಔಷಧಿಯಿಲ್ಲದೆ ಬರೀ ಸೋಸಿದರೆ ರೋಗ ಮರುಕಳಿಸುತ್ತದೆ. ಸ್ಟಿರಾಯ್ಡ್, ರಿಟುಕ್ಸಿಮ್ಯಾಬ್‌ಗಳಿಗೆ ಬಗ್ಗದ ರೋಗಕ್ಕಷ್ಟೇ ಯಂತ್ರದ ಮಾತು. ನರಗಳನ್ನು ಕಾಡುವ ಗಿಯಾನ್-ಬಾರೆ ರೋಗದಲ್ಲಿ ಅದರ ಉಪಯೋಗ ದೊಡ್ಡದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ಕೊಡುತ್ತಾರೆ. ಸೋರಿಯಾಸಿಸ್‌ಗೆ ಮಾತ್ರ ಪ್ಲಾಸ್ಮಾ ಬದಲಿಸಿ ಫಲವಿಲ್ಲ.

ಸ್ಟಿರಾಯ್ಡ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ. ಅದರ ಲೆಕ್ಕ ಈಗ ಹುಡುಗಿಯ ಕೈಯಲ್ಲಿ. ಜೀವಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ದಿನಕ್ಕೊಂದು ಗೆರೆ.