ಬೆನ್ನ ಮೇಲೆ ಗೆರೆಯಿಲ್ಲದ ಹುಳ

ಮಳೆಗಾಲ ಮುಗಿಯುತ್ತ ಬಂದಾಗ ಆಗುಂಬೆಯ ಕಾಡಿನಂಚಿಗೆ ಹೋಗುವುದೆಂದರೆ ನನಗೆ ಹಬ್ಬಕ್ಕೆ ತವರಿಗೆ ಹೋದಷ್ಟೇ ಸಂಭ್ರಮ. ಚೀಲದಲ್ಲಿ ಒಂದು ಭೂತಗನ್ನಡಿ, ಒಂದು ಟಿಪ್ಪಣಿ ಪುಸ್ತಕ, ಇಂಬಳ ಹತ್ತದಂತೆ ಕಾಲಿಗೆ ತಿಕ್ಕಿಕೊಳ್ಳಲು ಹೊಗೆಸೊಪ್ಪು. ಇಷ್ಟಿದ್ದರೆ ಹಳ್ಳದ ಬದಿಯಲ್ಲಿ ಅರ್ಧ ದಿನ ಕುಕ್ಕರುಗಾಲಿನಲ್ಲೇ ಕಳೆದುಬಿಡುತ್ತೇನೆ.

ಹಾಗೆ ಕೂತಿದ್ದಾಗ ಹುಲ್ಲಿನ ಗರಿಯ ಮೇಲೆ ಅದು ಕಂಡಿತು. ಹೆಸರುಕಾಳಿನಷ್ಟು ಗಾತ್ರ, ಉಬ್ಬಿದ ಬೆನ್ನು, ನವಿಲಿನ ಕತ್ತಿನ ನೀಲಿ. ನಾನು ಉಳಿದುಕೊಂಡಿದ್ದ ಮನೆಯ ಯಜಮಾನರು ಬಗ್ಗಿ ನೋಡಿ, "ಗುಲಗಂಜಿ ಹುಳದ ಜಾತಿ ಅಲ್ವಾ ಮಾರಾಯ್ರೆ" ಎಂದರು. ನಾನೂ ಯಾವುದೋ ದುಂಬಿ ಎಂದೇ ಭಾವಿಸಿದೆ.

ದುಂಬಿಯಾದರೆ ನಾನು ಮೊದಲು ಹುಡುಕುವುದು ಬೆನ್ನಿನ ನಡುವಿನ ಗೆರೆಯನ್ನು. ಅದರ ಮುಂದಿನ ಜೋಡಿ ರೆಕ್ಕೆಗಳೇ ಗಟ್ಟಿ ಚಿಪ್ಪುಗಳಾಗಿರುತ್ತವೆ. ಅವು ಕೂಡುವಲ್ಲಿ, ಮುಚ್ಚಿದ ಬಾಗಿಲಿನ ಎರಡು ಕದಗಳ ನಡುವಿನಂತೆ, ನೆಟ್ಟನೆಯ ಸಂದು ಕಾಣುತ್ತದೆ. ಭೂತಗನ್ನಡಿ ಹಿಡಿದೆ. ಸಂದು ಇರಲಿಲ್ಲ. ಬೆನ್ನೆಲ್ಲ ಒಂದೇ ಬೋಗುಣಿ ಕವುಚಿಟ್ಟ ಹಾಗಿತ್ತು.

ಹಾಗಾದರೆ ತಿಗಣೆಯ ಬಳಗದ ಹೊಳಪಿನ ಕೀಟವೇ? ಅವುಗಳಲ್ಲೂ ಹೊಟ್ಟೆಯನ್ನೆಲ್ಲ ಮುಚ್ಚುವ ಗುರಾಣಿಯಿರುತ್ತದೆ. ಆದರೆ ಅವುಗಳ ಬಾಯಿ ಸೂಜಿಯಂಥ ಕೊಳವೆ, ಎದೆಯಡಿಗೆ ಮಡಚಿರುತ್ತದೆ. ಇದಕ್ಕೆ ಆ ಸೂಜಿ ಇರಲಿಲ್ಲ. ಮೀಸೆ ಗಿಡ್ಡ, ಅದರಿಂದ ಹೊರಟ ಒಂದೇ ಒಂದು ಕೂದಲು. ಕೂದಲಿನ ಬುಡ ಪುಟ್ಟ ಎಲೆಯ ಹಾಗೆ ಚಪ್ಪಟೆ. ಆ ಎಲೆ ಕಂಡದ್ದೇ ನನ್ನ ಎದೆ ಡವಡವ ಹೊಡೆದುಕೊಂಡಿತು. ಅದು ನೊಣದ ಮೀಸೆ!

ನಮ್ಮ ಅಡುಗೆಮನೆಯ ನೊಣದ ಎದೆಯ ಹಿಂಬದಿಯಲ್ಲೂ ಮುಮ್ಮೂಲೆಯ ಚಿಕ್ಕ ಹಲಗೆಯಿದೆ, ಯಾರೂ ಗಮನಿಸುವುದಿಲ್ಲ ಅಷ್ಟೇ. ಇದರಲ್ಲಿ ಅದೇ ಹಲಗೆ ಬೆಳೆದು, ಉಬ್ಬಿ, ಹೊಟ್ಟೆಯನ್ನೂ ಮಡಚಿದ ರೆಕ್ಕೆಗಳನ್ನೂ ಮುಚ್ಚಿಕೊಂಡಿದೆ. ದುಂಬಿ ಹಾರಬೇಕಾದರೆ ಚಿಪ್ಪುಗಳನ್ನು ಎತ್ತಿ ತೆರೆಯಬೇಕು. ಇದು ಏನನ್ನೂ ತೆರೆಯಲಿಲ್ಲ. ಪಕ್ಕಗಳಿಂದ ಎರಡೇ ರೆಕ್ಕೆ ಹೊರಬಂದವು, ಬೋಗುಣಿ ಇದ್ದ ಹಾಗೇ ಇತ್ತು, ನೊಣ ಪಕ್ಕದ ಗರಿಗೆ ಹಾರಿತು. ಇಷ್ಟು ನೋಡಲು ಮುಕ್ಕಾಲು ಗಂಟೆ ಹಿಡಿಯಿತು. ಒಂದು ಗಳಿಗೆಯೂ ವ್ಯರ್ಥವೆನಿಸಲಿಲ್ಲ.

ಈ ಕುಟುಂಬದ ಹೆಸರು ಸೆಲಿಫಿಡೇ. ಸ್ವೀಡನ್ನಿನ ದಾಲ್ಮನ್ 1818ರಲ್ಲಿ ಸೆಲಿಫಸ್ ಎಂಬ ಕುಲಕ್ಕೆ ಹೆಸರಿಟ್ಟ. ಗ್ರೀಕ್ ಮೂಲದಲ್ಲಿ ಅದರ ಅರ್ಥ ಚಿಪ್ಪು, ಸಿಪ್ಪೆ. ಇದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗಲಿಕ್ಕಿಲ್ಲ. ನೂರಕ್ಕೂ ಹೆಚ್ಚು ಪ್ರಭೇದಗಳಿದ್ದು, ಏಷ್ಯಾ ಮತ್ತು ಆಫ್ರಿಕಾದ ಬಿಸಿನಾಡುಗಳ ತೇವದ ಜಾಗಗಳಲ್ಲಿ ಬದುಕುತ್ತವೆ. ಮರಿಹುಳುಗಳು ಕೊಳೆತ ಸೊಪ್ಪುಸದೆ ತಿಂದು ಬೆಳೆಯುತ್ತವೆ. ನಾನು ಕಂಡದ್ದು ಯಾವ ಪ್ರಭೇದವೆಂದು ಹೇಳಲು ಅದನ್ನು ಹಿಡಿದು ಸೂಕ್ಷ್ಮದರ್ಶಕದ ಕೆಳಗಿಡಬೇಕಿತ್ತು. ಹಿಡಿಯಲಿಲ್ಲ. ಪುಸ್ತಕದಲ್ಲಿ 'ಸೆಲಿಫಿಡೇ, ನೀಲಿ, ಹಳ್ಳದ ಬದಿಯ ಹುಲ್ಲು' ಎಂದು ಬರೆದುಕೊಂಡೆ.

ಮಲೆನಾಡಿನ ಕಡೆ ಹೋದಾಗ ಹಳ್ಳದ ಬದಿಯಲ್ಲಿ ಹೊಳೆಯುವ ಪುಟ್ಟ ದುಂಬಿ ಕಂಡರೆ ದಯವಿಟ್ಟು ಒಂದು ನಿಮಿಷ ಬಗ್ಗಿ, ಬೆನ್ನ ಮೇಲೆ ಗೆರೆ ಇದೆಯೇ ನೋಡಿ.